ನೋಟು ಮರೆತ ನಾಡಿನಲ್ಲಿ ಕೊಡು-ಕೊಳ್ಳುವಿಕೆ

ಸಂತೆಗೆ ಹೊರಡುವ ಮುನ್ನ ನಮ್ಮ ಹಿರಿಯರು ಸೊಂಟದ ಚೀಲವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಚೀಲ ಭಾರವಿದ್ದರೆ ಮನಸ್ಸು ಹಗುರ, ಚೀಲ ಹಗುರವಿದ್ದರೆ ಮನಸ್ಸು ಭಾರ ಎಂಬ ಕಾಲವದು. ಇಂದು ನಮ್ಮ ಪಟ್ಟಣಗಳಲ್ಲಿ ತರಕಾರಿ ಗಾಡಿಗೂ ಚೌಕಾಕಾರದ ಸಂಕೇತದ ಫಲಕವೊಂದು ಅಂಟಿಕೊಂಡಿರುತ್ತದೆ. ಮೊಬೈಲನ್ನು ಅದರ ಮುಂದೆ ಹಿಡಿದರೆ ಹಣ ಸಂದಾಯವಾಗುತ್ತದೆ. ಆದರೂ ನಮ್ಮಲ್ಲಿ ನೋಟಿನ ಆಯುಷ್ಯ ಮುಗಿದಿಲ್ಲ. ಬಸ್ಸಿನ ನಿರ್ವಾಹಕರೊಡನೆ ಚಿಲ್ಲರೆಗಾಗಿ ವಾದ, ಮದುವೆಯಲ್ಲಿ ಮುಯ್ಯಿಯ ಲಕೋಟೆ, ಜಾತ್ರೆಯಲ್ಲಿ ಮೊಮ್ಮಕ್ಕಳ ಕೈಗೆ ಇಡುವ ಹತ್ತು ರೂಪಾಯಿ ಇವೆಲ್ಲವೂ ಇನ್ನೂ ಉಳಿದುಕೊಂಡಿವೆ.

ನೋಟನ್ನು ಬಹುಮಟ್ಟಿಗೆ ಮರೆತೇಬಿಟ್ಟ ನಾಡೊಂದು ಉತ್ತರ ಯುರೋಪಿನಲ್ಲಿದೆ. ಅದು ಸ್ವೀಡನ್. ಅಲ್ಲಿಯ ಜನಸಂಖ್ಯೆ ಒಂದು ಕೋಟಿಗಿಂತ ಸ್ವಲ್ಪ ಹೆಚ್ಚು. ನಾಣ್ಯದ ಹೆಸರು ಕ್ರೋನ. ಸ್ಟಾಕ್‌ಹೋಮ್, ಗೋಥೆನ್‌ಬರ್ಗ್ ಮೊದಲಾದ ನಗರಗಳಲ್ಲಿ ನಮ್ಮ ನಾಡಿನ ಅನೇಕ ಮನೆತನಗಳ ಮಕ್ಕಳು ಉದ್ಯೋಗನಿಮಿತ್ತ ನೆಲೆಸಿದ್ದಾರೆ. ಅವರ ತಂದೆ-ತಾಯಿಗಳು ಬೇಸಿಗೆಯ ಎರಡು-ಮೂರು ತಿಂಗಳನ್ನು ಮಕ್ಕಳ ಬಳಿ ಕಳೆದು ಬರುವುದೂ ಈಗ ರೂಢಿಯಾಗಿದೆ. ಆದ್ದರಿಂದ ಆ ನಾಡಿನಲ್ಲಿ ಜನರು ಯಾವ ಯಾವ ವಿಧದಿಂದ ಹಣ ಸಲ್ಲಿಸುತ್ತಾರೆ, ಅದರಿಂದ ಆದ ಅನುಕೂಲವೇನು, ಯಾರಿಗೆ ಅನನುಕೂಲವಾಯಿತು ಎಂಬುದನ್ನು ವಾಚಕ ಬಂಧುಗಳ ಮುಂದೆ ಇಡುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅಲ್ಲಿಗೆ ಹೋಗುವ ಯೋಗವಿಲ್ಲದವರಿಗೂ ಈ ವಿಚಾರ ಹೊರಗಿನದಲ್ಲ. ನಾವು ಹಿಡಿದಿರುವ ದಾರಿಯಲ್ಲಿ ಆ ನಾಡು ನಮಗಿಂತ ಬಹುದೂರ ಮುಂದೆ ನಡೆದಿದೆ.

ತಾಮ್ರದ ಹಲಗೆಯಿಂದ ಕಾಗದದವರೆಗೆ

ಕಾಗದದ ನೋಟನ್ನು ಇಂದು ಕೈಬಿಡುತ್ತಿರುವ ಸ್ವೀಡನ್ನೇ ಯುರೋಪಿನಲ್ಲಿ ಮೊತ್ತಮೊದಲು ಅದನ್ನು ಕೈಗೆತ್ತಿಕೊಂಡ ನಾಡು ಎಂಬುದು ಸ್ವಾರಸ್ಯದ ಸಂಗತಿ. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಬೆಳ್ಳಿ ಕಡಿಮೆ, ತಾಮ್ರದ ಗಣಿಗಳು ಹೇರಳ. ಹೀಗಾಗಿ ತಾಮ್ರದ ಹಲಗೆಗಳನ್ನೇ ಹಣವಾಗಿ ಚಲಾವಣೆಗೆ ತಂದರು. 1644ರಲ್ಲಿ ಟಂಕಿಸಿದ ಹತ್ತು ಡಾಲರ್ ಬೆಲೆಯ ಒಂದು ಹಲಗೆ ಸುಮಾರು 20 ಕಿಲೋಗ್ರಾಂ ತೂಗುತ್ತಿತ್ತು! ದೊಡ್ಡ ವ್ಯಾಪಾರಕ್ಕೆ ಹೊರಟವನು ಹಣವನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಬೇಕಾಗಿತ್ತು.

ಈ ಹೊರೆಯನ್ನು ತಪ್ಪಿಸಲೆಂದು ಸ್ಟಾಕ್‌ಹೋಮ್ ನಗರದಲ್ಲಿ ಯೋಹಾನ್ ಪಾಲ್ಮ್‌ಸ್ಟ್ರುಕ್ ಎಂಬುವನು ಸ್ಥಾಪಿಸಿದ ಬ್ಯಾಂಕು 1661ರಲ್ಲಿ ಕಾಗದದ ನೋಟುಗಳನ್ನು ಹೊರಡಿಸಿತು. ಜನ ಮೊದಲು ಬಹಳ ಮೆಚ್ಚಿದರು. ಆದರೆ ಬ್ಯಾಂಕು ತನ್ನ ಬಳಿ ಇದ್ದ ಲೋಹಕ್ಕೆ ಮೀರಿ ನೋಟು ಅಚ್ಚು ಹಾಕಿತು. ಕೆಲವೇ ವರ್ಷಗಳಲ್ಲಿ ಜನರ ವಿಶ್ವಾಸ ಕುಸಿಯಿತು, ಬ್ಯಾಂಕೂ ಕುಸಿಯಿತು. ಅದರ ಅವಶೇಷದ ಮೇಲೆ 1668ರಲ್ಲಿ ನಿರ್ಮಾಣವಾದದ್ದೇ ರಿಕ್ಸ್‌ಬ್ಯಾಂಕ್. ನಮ್ಮ ರಿಸರ್ವ್ ಬ್ಯಾಂಕಿನಂತೆ ಅದು ಆ ದೇಶದ ಕೇಂದ್ರ ಬ್ಯಾಂಕು. ಜಗತ್ತಿನಲ್ಲಿ ಇಂದು ಇರುವ ಕೇಂದ್ರ ಬ್ಯಾಂಕುಗಳಲ್ಲಿ ಅತ್ಯಂತ ಹಳೆಯದು. ಹಣದ ರೂಪ ಯಾವುದೇ ಇರಲಿ, ಅದು ನಿಲ್ಲುವುದು ವಿಶ್ವಾಸದ ಮೇಲೆ ಎಂಬ ಪಾಠವನ್ನು ಆ ನಾಡು ಮುನ್ನೂರೈವತ್ತು ವರ್ಷಗಳಿಗೂ ಹಿಂದೆಯೇ ಕಲಿಯಿತು. ಆ ಪಾಠ ಈಗ ಮತ್ತೊಮ್ಮೆ ನೆನಪಿಗೆ ಬರುತ್ತಿರುವುದನ್ನು ಮುಂದೆ ನೋಡೋಣ.

ನಗದು ಹಿಂದೆ ಸರಿದುದೇಕೆ

ರಿಕ್ಸ್‌ಬ್ಯಾಂಕ್ ಆಗಾಗ ಜನರನ್ನು ಕೇಳುವ ಒಂದು ಪ್ರಶ್ನೆಯುಂಟು: ನೀವು ಕೊನೆಯ ಬಾರಿ ಅಂಗಡಿಯಲ್ಲಿ ಕೊಂಡಾಗ ಹೇಗೆ ಹಣ ಕೊಟ್ಟಿರಿ? 2010ರಲ್ಲಿ ನೂರಕ್ಕೆ 39 ಜನ ನಗದು ಕೊಟ್ಟೆವೆಂದರು. 2018ರ ವೇಳೆಗೆ ಅಂಥವರ ಸಂಖ್ಯೆ 13ಕ್ಕೆ ಇಳಿಯಿತು, 2020ರಲ್ಲಿ 9. ಹತ್ತು ವರ್ಷಗಳಲ್ಲಿ ಒಂದು ಜನಾಂಗದ ಅಭ್ಯಾಸವೇ ಬದಲಾಯಿತು.

ಇದಕ್ಕೆ ಸರಕಾರದ ಆಜ್ಞೆ ಕಾರಣವಲ್ಲ. ನಮ್ಮಲ್ಲಿ 2016ರ ನವೆಂಬರ್ 8ರಂದು ಆದಂತೆ ಒಂದೇ ರಾತ್ರಿಯಲ್ಲಿ ಆದ ಮಾರ್ಪಾಟೂ ಅಲ್ಲ. ಹಲವು ಸಣ್ಣ ತೊರೆಗಳು ಕೂಡಿ ಹೊಳೆಯಾದಂತೆ ಇದು ಆಯಿತು. ಮೊದಲನೆಯದು ದರೋಡೆಯ ಭಯ. ಸ್ಟಾಕ್‌ಹೋಮಿನ ಬಸ್ ಚಾಲಕರ ಮೇಲೆ ಹಣಕ್ಕಾಗಿ ಹಲ್ಲೆಗಳು ನಡೆದುದರಿಂದ 2007ರಲ್ಲಿ ಬಸ್ಸಿನೊಳಗೆ ನಗದು ಸ್ವೀಕರಿಸುವುದು ನಿಂತಿತು. 2009ರ ಸೆಪ್ಟೆಂಬರಿನಲ್ಲಿ ಕಳ್ಳರು ಹೆಲಿಕಾಪ್ಟರಿನಲ್ಲಿ ಬಂದು, ಅದೇ ನಗರದ ವೆಸ್ಟ್‌ಬೆರ್ಯ ಎಂಬಲ್ಲಿದ್ದ ನಗದು ಸಂಗ್ರಹಾಲಯದ ಛಾವಣಿಯ ಮೇಲಿಳಿದು ಕೋಟಿಗಟ್ಟಲೆ ಕ್ರೋನಗಳನ್ನು ದೋಚಿದ ಪ್ರಕರಣ ಇಡೀ ದೇಶವನ್ನು ಬೆಚ್ಚಿಬೀಳಿಸಿತು. ಎರಡನೆಯದು ಬ್ಯಾಂಕುಗಳ ಲೆಕ್ಕಾಚಾರ. ನೋಟನ್ನು ಎಣಿಸುವುದು, ಕಾಯುವುದು, ಸಾಗಿಸುವುದು ಎಲ್ಲವೂ ಖರ್ಚಿನ ಬಾಬತ್ತು. ಆದುದರಿಂದ ದೊಡ್ಡ ಬ್ಯಾಂಕುಗಳ ಎಷ್ಟೋ ಶಾಖೆಗಳು ನಗದಿನ ವ್ಯವಹಾರವನ್ನೇ ನಿಲ್ಲಿಸಿದವು. ಅಂಚೆಯ ಮೂಲಕ ಹಳ್ಳಿಗಳಲ್ಲಿ ನಡೆಯುತ್ತಿದ್ದ ನಗದು ಸೇವೆಯೂ 2008ರ ಕೊನೆಗೆ ಮುಚ್ಚಿತು. 2013ರಲ್ಲಿ ಸ್ಟಾಕ್‌ಹೋಮಿನ ಬ್ಯಾಂಕೊಂದಕ್ಕೆ ನುಗ್ಗಿದ ಕಳ್ಳನೊಬ್ಬನು, ಅಲ್ಲಿ ನಗದೇ ಇಲ್ಲವೆಂದು ತಿಳಿದು ಬರಿಗೈಯಲ್ಲಿ ಹಿಂದಿರುಗಿದನೆಂಬುದು ಆಗಿನ ಸುದ್ದಿ.

ಮೂರನೆಯ ಕಾರಣ ನೋಟುಗಳ ಬದಲಾವಣೆ. 2015ರಿಂದ 2017ರವರೆಗೆ ಹೊಸ ನೋಟುಗಳು ಬಂದವು. ಹಳೆಯವು ಚಲಾವಣೆ ಕಳೆದುಕೊಂಡವು. ಪೆಟ್ಟಿಗೆಯ ಮೂಲೆಯಲ್ಲಿದ್ದ ಹಳೆಯ ನೋಟನ್ನು ಬ್ಯಾಂಕಿಗೆ ಕಟ್ಟಿದ ಜನ, ಮರಳಿ ಹೊಸ ನೋಟು ತರುವ ಗೋಜಿಗೆ ಹೋಗಲಿಲ್ಲ.

ಕಾರ್ಡು: ಎಲ್ಲರ ಮೊದಲ ಸಾಧನ

ಇಂದು ಸ್ವೀಡನ್ನಿನ ಅಂಗಡಿಯಲ್ಲಿ ಹಣ ಸಲ್ಲಿಸುವ ಸಾಮಾನ್ಯ ರೀತಿ ಬ್ಯಾಂಕಿನ ಕಾರ್ಡು. ಹಾಲು-ಬ್ರೆಡ್ಡಿನಿಂದ ಹಿಡಿದು ರೈಲಿನ ಟಿಕೇಟಿನವರೆಗೆ ಎಲ್ಲಕ್ಕೂ ಅದೇ. ಸಣ್ಣ ಮೊತ್ತಕ್ಕೆ ಕಾರ್ಡನ್ನು ಯಂತ್ರದ ಮೇಲೆ ಹಿಡಿದರೆ ಸಾಕು, ಗುಪ್ತಸಂಖ್ಯೆ ಒತ್ತುವ ಅಗತ್ಯವಿಲ್ಲ. ಮೊದಲು 200 ಕ್ರೋನದವರೆಗೆ ಇದ್ದ ಈ ಸೌಲಭ್ಯವನ್ನು ಕೊರೋನಾ ಸಾಂಕ್ರಾಮಿಕದ ಸಮಯದಲ್ಲಿ, 2020ರಲ್ಲಿ, 400 ಕ್ರೋನಕ್ಕೆ ಏರಿಸಲಾಯಿತು. ಅದಕ್ಕೂ ಮೇಲ್ಪಟ್ಟರೆ ನಾಲ್ಕು ಅಂಕಿಯ ಗುಪ್ತಸಂಖ್ಯೆ ಬೇಕು. ಯುವಜನರಲ್ಲಿ ಅನೇಕರು ಕಾರ್ಡನ್ನು ಮೊಬೈಲಿನಲ್ಲಿಯೋ ಕೈಗಡಿಯಾರದಲ್ಲಿಯೋ ಅಡಗಿಸಿಟ್ಟುಕೊಂಡಿರುತ್ತಾರೆ.

ಸಣ್ಣ ವ್ಯಾಪಾರಿಗಳಿಗೂ ಕಾರ್ಡು ಸ್ವೀಕರಿಸುವ ಶಕ್ತಿ ಬಂದದ್ದು 2010ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಐಜೆಟಲ್ ಎಂಬ ಸಂಸ್ಥೆಯ ಅಂಗೈಯಗಲದ ಯಂತ್ರದಿಂದ. ಅದನ್ನು ಮೊಬೈಲಿಗೆ ಜೋಡಿಸಿದರೆ ರಸ್ತೆಬದಿಯ ವ್ಯಾಪಾರಿಯೂ ಕಾರ್ಡಿನ ಹಣ ಪಡೆಯಬಹುದಾಗಿತ್ತು. ಆ ನಗರದಲ್ಲಿ ಮನೆಯಿಲ್ಲದ ಬಡವರು ಬೀದಿಯಲ್ಲಿ ಮಾರಿ ಜೀವನ ಸಾಗಿಸುವ 'ಸಿಟುಯೇಷನ್ ಸ್ಟಾಕ್‌ಹೋಮ್' ಎಂಬ ಪತ್ರಿಕೆಯೊಂದಿದೆ. ಜನರ ಜೇಬಿನಲ್ಲಿ ಚಿಲ್ಲರೆ ಇಲ್ಲದೆ ಮಾರಾಟ ಕುಗ್ಗುತ್ತಿದ್ದಾಗ, 2013ರಲ್ಲಿ ಆ ಮಾರಾಟಗಾರರ ಕೈಗೂ ಕಾರ್ಡಿನ ಯಂತ್ರ ಬಂದಿತು. ಸೂರಿಲ್ಲದವನ ಕೈಯಲ್ಲಿಯೂ ಯಂತ್ರವಿರಬೇಕಾದ ಸ್ಥಿತಿ ಅದು! ನಗದು ಹೋದಾಗ ಮೊದಲ ಪೆಟ್ಟು ಬೀಳುವುದು ಯಾರ ಮೇಲೆ ಎಂಬುದನ್ನು ಈ ಒಂದು ನಿದರ್ಶನವೇ ತಿಳಿಸುತ್ತದೆ.

ಸ್ವಿಶ್: ಕೈಯಿಂದ ಕೈಗೆ

ಅಂಗಡಿಗೆ ಕಾರ್ಡು ಸಾಕು. ಆದರೆ ಗೆಳೆಯನಿಗೆ ಊಟದ ಪಾಲು, ನೆರೆಮನೆಯ ಹುಡುಗನಿಗೆ ಹುಲ್ಲು ಕತ್ತರಿಸಿದ ಕೂಲಿ, ಶಾಲೆಯ ಪ್ರವಾಸದ ವಂತಿಗೆ ಕೊಡುವುದು ಹೇಗೆ? ಈ ಕೊರತೆಯನ್ನು ತುಂಬಲು 2012ರ ಡಿಸೆಂಬರಿನಲ್ಲಿ ಅಲ್ಲಿಯ ಆರು ಬ್ಯಾಂಕುಗಳು ತಮ್ಮ ಪೈಪೋಟಿಯನ್ನು ಬದಿಗಿಟ್ಟು ಸ್ವಿಶ್ ಎಂಬ ವ್ಯವಸ್ಥೆಯನ್ನು ತಂದವು. ನಮ್ಮಲ್ಲಿ 2016ರಲ್ಲಿ ಬಂದ ಯುಪಿಐಗೆ ಇದನ್ನು ಹೋಲಿಸಬಹುದು.

ಇದರ ಕ್ರಮ ಸರಳ. ಒಬ್ಬನ ಮೊಬೈಲ್ ಸಂಖ್ಯೆಯನ್ನು ಅವನ ಬ್ಯಾಂಕ್ ಖಾತೆಗೆ ಜೋಡಿಸಲಾಗಿರುತ್ತದೆ. ಕೊಡುವವನು ಪಡೆಯುವವನ ಸಂಖ್ಯೆಯನ್ನೂ ಮೊತ್ತವನ್ನೂ ಬರೆದು, ತಾನೇ ಅದನ್ನು ಕೊಡುತ್ತಿರುವೆನೆಂದು ಬ್ಯಾಂಕ್ ಐಡಿ ಎಂಬ ಗುರುತಿನ ಸಾಧನದ ಮೂಲಕ ದೃಢಪಡಿಸುತ್ತಾನೆ. ಕೆಲವೇ ಕ್ಷಣಗಳಲ್ಲಿ ಹಣ ಆಚೆಯ ಖಾತೆಗೆ ಜಮೆಯಾಗುತ್ತದೆ, ರಾತ್ರಿಯಿರಲಿ, ರಜೆಯಿರಲಿ. ಸಂಘ-ಸಂಸ್ಥೆಗಳಿಗೂ ವ್ಯಾಪಾರಿಗಳಿಗೂ 123ರಿಂದ ಆರಂಭವಾಗುವ ಪ್ರತ್ಯೇಕ ಸಂಖ್ಯೆಗಳುಂಟು. ಹಳೆಯ ಸಾಮಾನಿನ ಸಂತೆಯಲ್ಲಿ, ಕ್ರೀಡಾಸಂಘದ ಚಹದ ಅಂಗಡಿಯಲ್ಲಿ, ಚರ್ಚಿನ ಪೀಠದ ಬಳಿ ಈ ಸಂಖ್ಯೆಯನ್ನು ಬರೆದ ಫಲಕ ಕಾಣುತ್ತದೆ. ಆರಾಧನೆಯ ನಡುವೆ ಕಾಣಿಕೆಯ ತಟ್ಟೆ ಸುತ್ತುತ್ತಿದ್ದ ಸ್ಥಳದಲ್ಲಿ ಈಗ ಭಕ್ತರು ತಲೆತಗ್ಗಿಸಿ ಮೊಬೈಲು ಒತ್ತುತ್ತಾರೆ. ನಮ್ಮ ದೇವಾಲಯಗಳ ಹುಂಡಿಯ ಪಕ್ಕದಲ್ಲಿಯೂ ಸಂಕೇತಪಟ ಅಂಟಿಸಿರುವುದನ್ನು ಕಂಡವರಿಗೆ ಇದು ಅಚ್ಚರಿಯಾಗಲಾರದು.

ದೇಶದ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ಸ್ವಿಶ್ ಬಳಸುತ್ತಾರೆ. ಅದು ಅವರ ಭಾಷೆಯಲ್ಲಿ ಕ್ರಿಯಾಪದವೇ ಆಗಿಹೋಗಿದೆ. ನಾವು 'ಫೋನ್ ಪೇ ಮಾಡು' ಎನ್ನುವಂತೆ ಅವರು 'ಸ್ವಿಶ್ ಮಾಡು' ಎನ್ನುತ್ತಾರೆ.

ಬಿಲ್ಲು, ಗಡುವು ಮತ್ತು 'ಆಮೇಲೆ ಕೊಡುವೆ'

ಮನೆ ಬಾಡಿಗೆ, ವಿದ್ಯುತ್ತು, ವಿಮೆ, ಮಕ್ಕಳ ಪಾಲನಾ ಕೇಂದ್ರದ ಶುಲ್ಕ ಇವುಗಳ ರೀತಿ ಬೇರೆ. ಇವಕ್ಕೆ ಬಿಲ್ಲು ಬರುತ್ತದೆ. ಬಿಲ್ಲಿನ ಮೇಲೆ ಪಡೆಯುವವರ ಖಾತೆಯ ಸಂಖ್ಯೆ, ಆ ಬಿಲ್ಲನ್ನು ಗುರುತಿಸುವ ಉದ್ದನೆಯ ಸಂಖ್ಯೆ, ಕೊನೆಯ ದಿನಾಂಕ ಇರುತ್ತವೆ. ಮನೆಯ ಯಜಮಾನರು ಕುಳಿತಲ್ಲಿಯೇ ಗಣಕಯಂತ್ರದ ಮೂಲಕ ಹಣ ಕಟ್ಟುತ್ತಾರೆ. ಒಂದು ಬಾರಿ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳು ಗಡುವಿನಂದು ಬ್ಯಾಂಕೇ ಹಣ ಕಳೆದು ಕಟ್ಟುವ ಅನುಕೂಲವೂ ಇದೆ. ಅದಕ್ಕೆ ಆಟೋಗಿರೋ ಎಂದು ಹೆಸರು. ಆ ನಾಡಿನಲ್ಲಿ ಬಹುಮಂದಿಗೆ ತಿಂಗಳ 25ರಂದು ಸಂಬಳ ಬರುತ್ತದೆ, ತಿಂಗಳ ಕೊನೆಯಲ್ಲಿ ಬಾಡಿಗೆಯ ಗಡುವು. ನಡುವಿನ ಆ ಐದಾರು ದಿನಗಳೇ ಗೃಹಸ್ಥರ ಲೆಕ್ಕದ ದಿನಗಳು.

ಇನ್ನೊಂದು ರೀತಿ, ವಸ್ತು ಮೊದಲು, ಹಣ ಆಮೇಲೆ. 2005ರಲ್ಲಿ ಸ್ಟಾಕ್‌ಹೋಮಿನಲ್ಲಿ ಆರಂಭವಾದ ಕ್ಲಾರ್ನಾ ಎಂಬ ಸಂಸ್ಥೆ ಇದನ್ನು ಮನೆಮನೆಗೆ ಮುಟ್ಟಿಸಿತು. ಅಂತರ್ಜಾಲದ ಅಂಗಡಿಯಲ್ಲಿ ಕೊಂಡ ಬಟ್ಟೆ ಮನೆಗೆ ಬಂದ ಬಳಿಕ, ಸರಿಹೊಂದಿದರೆ ಇಟ್ಟುಕೊಂಡು, ಗೊತ್ತಾದ ದಿನಗಳೊಳಗೆ ಹಣ ಕಟ್ಟಬಹುದು. ನಮ್ಮ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಉದ್ದರಿ ಪುಸ್ತಕವಿರುತ್ತಿತ್ತಲ್ಲ, ಹೆಚ್ಚುಕಡಿಮೆ ಅದರ ಹೊಸ ಅವತಾರವೇ ಇದು. ಒಂದು ಭೇದವುಂಟು. ಹಳ್ಳಿಯ ಅಂಗಡಿಯವರು ಸುಗ್ಗಿಯವರೆಗೆ ಕಾಯುತ್ತಿದ್ದರು, ಮನೆಯಲ್ಲಿ ಸಾವು-ನೋವಾದರೆ ತಗಾದೆ ಮಾಡುತ್ತಿರಲಿಲ್ಲ. ಇಲ್ಲಿ ಗಡುವು ಮೀರಿದರೆ ಮೊದಲು ನೆನಪೋಲೆ, ಮೇಲೆ ಶುಲ್ಕ. ನಂತರ ವಸೂಲಿ ಸಂಸ್ಥೆ. ಅದಕ್ಕೂ ಬಗ್ಗದಿದ್ದರೆ ಕ್ರೋನೋಫೋಗ್ದೆನ್ ಎಂಬ ಸರಕಾರಿ ವಸೂಲಿ ಇಲಾಖೆ. ಅಲ್ಲಿಯವರೆಗೆ ಹೋದ ಬಾಕಿಯ ಗುರುತು ವ್ಯಕ್ತಿಯ ಹೆಸರಿನ ಮೇಲೆ ಮೂರು ವರ್ಷ ಉಳಿಯುತ್ತದೆ. ಅಂಥವನಿಗೆ ಬಾಡಿಗೆ ಮನೆ ದೊರೆಯುವುದೂ ಕಷ್ಟ. ಬೆರಳ ತುದಿಯಲ್ಲಿ ಆಗುವ ಖರ್ಚು ಕೈಗೆ ಭಾರವೆನಿಸುವುದಿಲ್ಲ; ಆದುದರಿಂದಲೇ ಹರೆಯದ ಮಕ್ಕಳಿರುವ ಮನೆಗಳು ಈ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು.

ಹಣವಿದ್ದರೆ ಸಾಲದು, ಗುರುತೂ ಬೇಕು

ಇಷ್ಟನ್ನು ಓದಿದವರಿಗೆ ಒಂದು ಸಂಗತಿ ಹೊಳೆದಿರಬಹುದು. ಕಾರ್ಡಾಗಲಿ, ಸ್ವಿಶ್ ಆಗಲಿ, ಬಿಲ್ಲಾಗಲಿ ಎಲ್ಲಕ್ಕೂ ಮೂಲದಲ್ಲಿ ಒಂದು ಬ್ಯಾಂಕ್ ಖಾತೆ ಬೇಕು. ಖಾತೆಗೆ ಗುರುತು ಬೇಕು. 'ಕಾಸಿದ್ದವನಿಗೆ ಕೈಲಾಸ' ಎಂಬ ಗಾದೆ ಅಲ್ಲಿ ಪೂರ್ತಿ ಸಲ್ಲದು. ಕಾಸಿದ್ದರೂ, 'ಇವನು ಇಂಥವನು' ಎಂದು ಹೇಳುವ ಒಂದು ಸಂಖ್ಯೆ ಇಲ್ಲದಿದ್ದರೆ ಅರ್ಧ ದಾರಿ ಮುಚ್ಚಿರುತ್ತದೆ.

ಉದ್ಯೋಗಕ್ಕಾಗಿ ಹೊಸದಾಗಿ ಹೋದ ದಂಪತಿಗಳ ಸ್ಥಿತಿಯನ್ನು ನೋಡಿರಿ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ನೆಲೆಸುವವರನ್ನು ಅಲ್ಲಿಯ ತೆರಿಗೆ ಇಲಾಖೆ ಜನಗಣತಿಯ ಪುಸ್ತಕದಲ್ಲಿ ಸೇರಿಸಿಕೊಂಡು, ಜನ್ಮದಿನಾಂಕದ ಮುಂದೆ ನಾಲ್ಕು ಅಂಕಿ ಸೇರಿಸಿದ ವೈಯಕ್ತಿಕ ಸಂಖ್ಯೆಯನ್ನು ಕೊಡುತ್ತದೆ. ಅದು ಬಂದ ಬಳಿಕ ಗುರುತಿನ ಚೀಟಿ, ಚೀಟಿ ಬಂದ ಬಳಿಕ ಬ್ಯಾಂಕಿನಲ್ಲಿ ಪೂರ್ಣ ಸೌಲಭ್ಯ, ಅನಂತರ ಬ್ಯಾಂಕ್ ಐಡಿ, ಕೊನೆಗೆ ಸ್ವಿಶ್. ಈ ಸರಪಳಿಯ ಒಂದು ಕೊಂಡಿ ತಡವಾದರೂ ಮುಂದಿನದು ತಡೆಯುತ್ತದೆ. ಅಷ್ಟರವರೆಗೆ ಸಂಬಳ ಗಳಿಸುವ ವಿದ್ಯಾವಂತರೂ ಶಾಲೆಯ ಸಣ್ಣದೊಂದು ವಂತಿಗೆಗೆ ಸಹೋದ್ಯೋಗಿಯ ಮುಂದೆ ನಿಂತು, 'ನೀವು ಸ್ವಿಶ್ ಮಾಡಿರಿ, ನಾನು ನಗದು ಕೊಡುವೆ' ಎನ್ನಬೇಕಾಗುತ್ತದೆ. ಬ್ಯಾಂಕ್ ಐಡಿ 2003ರಲ್ಲಿ ಆರಂಭವಾದಾಗ ಬ್ಯಾಂಕಿನ ಕೆಲಸಕ್ಕೆ ಮಾತ್ರ ಎಂಬಂತಿತ್ತು. ಇಂದು ವೈದ್ಯರ ಭೇಟಿ, ತೆರಿಗೆಯ ಲೆಕ್ಕ, ಅಂಚೆಯ ಪೊಟ್ಟಣ ಎಲ್ಲದರ ಬಾಗಿಲಿಗೂ ಅದೇ ಕೀಲಿಕೈ.

ಭೇಟಿಗೆ ಹೋಗುವ ತಂದೆ-ತಾಯಿಗಳಿಗಂತೂ ಈ ಸಂಖ್ಯೆ ದೊರೆಯುವ ಪ್ರಶ್ನೆಯೇ ಇಲ್ಲ. ಊರಿನಲ್ಲಿ ತನ್ನ ಸಂಚಿಯಿಂದಲೇ ಹಾಲಿಗೆ, ಹೂವಿಗೆ, ಕಾಯಿಪಲ್ಯಕ್ಕೆ ಹಣ ಎಣಿಸಿ ಕೊಡುತ್ತಿದ್ದ ತಾಯಿ, ಅಲ್ಲಿ ಉದ್ಯಾನದ ಗಾಡಿಯಿಂದ ಮೊಮ್ಮಗಳಿಗೆ ಒಂದು ತಿನಿಸು ಕೊಡಿಸಬೇಕೆಂದರೂ ಮಗನ ಮೊಬೈಲಿಗಾಗಿ ಕಾಯುತ್ತಾಳೆ. ಮಗ ಪ್ರೀತಿಯಿಂದಲೇ ಕೊಡುತ್ತಾನೆ, ಅದರಲ್ಲಿ ಸಂದೇಹವಿಲ್ಲ. ಆದರೆ ಕೇಳದೆ ಕೊಡಬಲ್ಲವಳಾಗಿದ್ದ ತಾಯಿ ಕೇಳಿ ಕೊಡುವವಳಾದಾಗ, ಮನೆಯಲ್ಲಿ ಆಕೆಯ ಸ್ಥಾನ ಎಳ್ಳಷ್ಟಾದರೂ ಕುಗ್ಗಿದಂತೆ ಆಕೆಗೆ ತೋರುವುದು ಸಹಜ. ಹಣ ಸಲ್ಲಿಸುವುದು ಕೇವಲ ವ್ಯವಹಾರವೆಂದು ತಿಳಿದ ಎಳೆಯರು ಈ ಸೂಕ್ಷ್ಮವನ್ನು ಗಮನಿಸಬೇಕೆಂಬುದು ನಮ್ಮ ಬಿನ್ನಹ.

ಹೊರಗುಳಿದವರ ಕೂಗು

ಇದು ಪರದೇಶದಿಂದ ಬಂದವರ ಪಾಡು ಮಾತ್ರವಲ್ಲ. ಅಲ್ಲಿಯ ವೃದ್ಧರೂ ಅಂಗವಿಕಲರೂ ಇದೇ ನೋವನ್ನು ಉಂಡಿದ್ದಾರೆ. ನೋಟು ಕಾನೂನಿನ ಪ್ರಕಾರ ಮಾನ್ಯವಾದ ಹಣವೇ. ಆದರೆ ಕೊಡುವವ-ಕೊಳ್ಳುವವರ ನಡುವಣ ಒಪ್ಪಂದದ ಸ್ವಾತಂತ್ರ್ಯವೂ ಅಲ್ಲಿ ಕಾನೂನೇ. ಅಂಗಡಿಯವರು 'ಇಲ್ಲಿ ನಗದು ಸ್ವೀಕರಿಸುವುದಿಲ್ಲ' ಎಂದು ಫಲಕ ಹಾಕಿದರೆ ಗ್ರಾಹಕರು ಅದಕ್ಕೆ ತಲೆಬಾಗಲೇಬೇಕು. 2013ರಲ್ಲಿ ತೆರೆದ, ಹೆಸರಾಂತ ಆಬ್ಬಾ ಗಾಯಕವೃಂದದ ವಸ್ತುಸಂಗ್ರಹಾಲಯ ಆರಂಭದಿಂದಲೇ ನಗದನ್ನು ನಿರಾಕರಿಸಿತು. ಆ ವೃಂದದ ಬ್ಯೋರ್ನ್ ಉಲ್ವೇಯುಸ್ ಅವರ ಮಗನ ಮನೆಯಲ್ಲಿ ಕಳ್ಳತನವಾದ ಬಳಿಕ ಅವರು ನಗದುರಹಿತ ಸಮಾಜದ ಪ್ರಬಲ ಪಕ್ಷಪಾತಿಯಾಗಿದ್ದರು.

ಮತ್ತೊಂದು ಕಡೆಯಿಂದ 'ನಗದಿನ ಬಂಡಾಯ' ಎಂಬ ಚಳವಳಿ ಎದ್ದಿತು. ಅದರ ಮುಂದಾಳು ಬ್ಯೋರ್ನ್ ಎರಿಕ್ಸನ್ ಅವರು ಆ ದೇಶದ ಪೊಲೀಸ್ ಮುಖ್ಯಸ್ಥರೂ ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆಯಾದ ಇಂಟರ್‌ಪೋಲಿನ ಅಧ್ಯಕ್ಷರೂ ಆಗಿದ್ದವರು. ನಗದಿಲ್ಲದಿದ್ದರೆ ಕಳ್ಳತನವಿಲ್ಲ ಎಂಬ ವಾದವನ್ನು ಜೀವಮಾನವೆಲ್ಲ ಕಳ್ಳರನ್ನು ಹಿಡಿದವರೇ ಪೂರ್ತಿಯಾಗಿ ಒಪ್ಪಲಿಲ್ಲವೆಂಬುದು ಗಮನಾರ್ಹ. ನಿವೃತ್ತರ ದೊಡ್ಡ ಸಂಘಟನೆಯೊಂದು 2016ರಲ್ಲಿ ಲಕ್ಷಕ್ಕೂ ಮಿಕ್ಕಿ ಸಹಿಗಳನ್ನು ಸಂಗ್ರಹಿಸಿ ಸರಕಾರಕ್ಕೆ ಅರ್ಪಿಸಿತು. ಅದಕ್ಕೂ ಮುನ್ನ, 2015ರಲ್ಲಿ, ಅಲ್ಲಿಯ ಅತ್ಯುಚ್ಚ ಆಡಳಿತ ನ್ಯಾಯಾಲಯವು ಸಾರ್ವಜನಿಕ ಆಸ್ಪತ್ರೆಯ ಶುಲ್ಕವನ್ನು ನಗದಿನಲ್ಲಿ ಕಟ್ಟುವ ಹಕ್ಕು ರೋಗಿಗೆ ಇದೆಯೆಂದು ತೀರ್ಪಿತ್ತಿತ್ತು. ಕೊನೆಗೆ 2020ರಲ್ಲಿ ಹೊಸ ಕಾಯಿದೆ ಬಂದಿತು. ಜನರಲ್ಲಿ ಬಹುತೇಕ ಎಲ್ಲರಿಗೂ 25 ಕಿಲೋಮೀಟರ್ ದೂರದೊಳಗೆ ನಗದು ಪಡೆಯುವ ಸೌಲಭ್ಯವನ್ನು ದೊಡ್ಡ ಬ್ಯಾಂಕುಗಳು ಒದಗಿಸಬೇಕೆಂದು ಅದು ವಿಧಿಸಿತು. ನೋಟು ತೆಗೆಯಲು ದಾರಿ ದೊರೆಯಿತು. ತೆಗೆದ ನೋಟನ್ನು ಅಂಗಡಿಯವರು ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆ ಆ ಕಾಯಿದೆಯಲ್ಲಿ ಇರಲಿಲ್ಲ.

ನಗದಿಲ್ಲದ ಕಡೆ ಕಳ್ಳತನವೂ ಇಲ್ಲವೆಂದುಕೊಂಡವರಿಗೆ ಕಾಲವೇ ಉತ್ತರ ಕೊಟ್ಟಿತು. ಬೀದಿಯ ಕಳ್ಳ ದೂರವಾಣಿಯೊಳಗೆ ಬಂದು ಕುಳಿತ. 'ನಾವು ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ, ನಿಮ್ಮ ಖಾತೆಗೆ ಅಪಾಯವಿದೆ, ಕೂಡಲೇ ಬ್ಯಾಂಕ್ ಐಡಿಯಲ್ಲಿ ಒಪ್ಪಿಗೆ ಕೊಡಿರಿ' ಎಂದು ನಯವಾಗಿ ಮಾತನಾಡಿ, ಒಂಟಿಯಾಗಿರುವ ವೃದ್ಧರ ಜೀವಮಾನದ ಉಳಿತಾಯವನ್ನು ಗಳಿಗೆಯಲ್ಲಿ ಬರಿದುಮಾಡುವ ವಂಚನೆ ಅಲ್ಲಿ ಹೆಚ್ಚಿದೆ. ಇದೇ ಸ್ವರ, ಇದೇ ಮಾತು ಈಗ ನಮ್ಮ ಮನೆಗಳ ದೂರವಾಣಿಯಲ್ಲಿಯೂ ಕೇಳಿಬರುತ್ತಿದೆ ಎಂಬುದನ್ನು ವಾಚಕರು ಬಲ್ಲರು.

ಮರಳಿ ನೋಟಿನತ್ತ ಒಂದು ನೋಟ

2021ರ ಜುಲೈ ತಿಂಗಳಿನಲ್ಲಿ ಅಮೆರಿಕದ ಸಂಸ್ಥೆಯೊಂದರ ತಂತ್ರಾಂಶದ ಮೇಲೆ ದುಷ್ಕರ್ಮಿಗಳು ದಾಳಿ ಮಾಡಿದರು. ಅದರ ಪೆಟ್ಟಿಗೆ, ಸಾವಿರಾರು ಮೈಲಿ ದೂರದ ಸ್ವೀಡನ್ನಿನಲ್ಲಿ ಕೂಪ್ ಎಂಬ ಸಹಕಾರಿ ಅಂಗಡಿಗಳ ಹಣ ಪಡೆಯುವ ಯಂತ್ರಗಳು ಸ್ತಬ್ಧವಾದವು. ಸುಮಾರು 800 ಅಂಗಡಿಗಳಲ್ಲಿ ಬಹುಪಾಲು ಬಾಗಿಲು ಹಾಕಿದವು. ಒಳಗೆ ಹಾಲು-ಹಣ್ಣು, ಹೊರಗೆ ಕೊಳ್ಳುವ ಜನ. ನಡುವಿನ ಯಂತ್ರ ಮಾತ್ರ ಮೂಕ.

2022ರ ಫೆಬ್ರುವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ಯುದ್ಧ ಸಾರಿದ ಮೇಲೆ ಈ ಚಿಂತೆ ಇನ್ನೂ ಆಳವಾಯಿತು. ವಿದ್ಯುತ್ತೋ ಅಂತರ್ಜಾಲವೋ ಕಡಿದುಹೋದರೆ ಜನ ಅನ್ನ ಕೊಳ್ಳುವುದು ಹೇಗೆ? 2024ರ ನವೆಂಬರಿನಲ್ಲಿ ಅಲ್ಲಿಯ ಸರಕಾರದ ನಾಗರಿಕ ರಕ್ಷಣೆಯ ಇಲಾಖೆ ದೇಶದ ಮನೆಮನೆಗೂ ಒಂದು ಕಿರುಪುಸ್ತಕವನ್ನು ಕಳುಹಿಸಿತು. ಸಂಕಟ ಬಂದರೆ ಏನು ಮಾಡಬೇಕೆಂಬ ಸೂಚನೆಗಳಲ್ಲಿ ನೀರು, ಆಹಾರ, ಬೆಚ್ಚನೆಯ ಹೊದಿಕೆಗಳೊಡನೆ ಇನ್ನೊಂದು ಮಾತೂ ಇತ್ತು: ಕನಿಷ್ಠ ಒಂದು ವಾರಕ್ಕೆ ಸಾಲುವಷ್ಟು ನಗದನ್ನು, ಬೇರೆ ಬೇರೆ ಬೆಲೆಯ ನೋಟುಗಳಲ್ಲಿ, ಮನೆಯಲ್ಲಿಟ್ಟುಕೊಳ್ಳಿರಿ. ನಗದನ್ನು ಬಿಡುವುದರಲ್ಲಿ ಜಗತ್ತಿಗೇ ಮುಂದಾಗಿದ್ದ ನಾಡು, ನೋಟನ್ನು ಮರಳಿ ಮನೆಯ ಪೆಟ್ಟಿಗೆಗೆ ಕರೆಯಿತು!

ರಿಕ್ಸ್‌ಬ್ಯಾಂಕ್ ಈ ಹಿಂದೆ ಇ-ಕ್ರೋನ ಎಂಬ ವಿದ್ಯುನ್ಮಾನ ನಾಣ್ಯವನ್ನು ಪ್ರಯೋಗಿಸಿ, 2023ರಲ್ಲಿ ಆ ಪ್ರಯೋಗವನ್ನು ಮುಗಿಸಿತು. 2025ರ ತನ್ನ ವರದಿಯಲ್ಲಿ ಅದು ನಗದಿಗೆ ಕಾನೂನಿನ ಆಸರೆ ಬೇಕೆಂದು ಒತ್ತಾಯಿಸಿತು. ಸಂಪರ್ಕ ಕಡಿದಾಗಲೂ ಅಗತ್ಯ ವಸ್ತುಗಳನ್ನು ಕಾರ್ಡಿನಿಂದ ಕೊಳ್ಳುವಂತಾಗಬೇಕೆಂದು 2026ರ ಜುಲೈ 1ರ ಗುರಿಯನ್ನೂ ಇಟ್ಟಿತು. ಹೊಸದನ್ನು ತೊರೆಯುವ ವಿಚಾರ ಅಲ್ಲಿ ಯಾರಿಗೂ ಇಲ್ಲ. ಹೊಸ ಬಾವಿ ತೋಡಿದ ಮೇಲೆ ಹಳೆಯ ಬಾವಿಗೆ ಮಣ್ಣು ಮುಚ್ಚಬಾರದು ಎಂಬ ಗೃಹಸ್ಥರ ವಿವೇಕ ಅವರಿಗೆ ಬಂದಿದೆ, ಅಷ್ಟೇ.

ಹೋಗಿಬರುವವರಿಗೆ ಕೆಲವು ಮಾತು

ಮಕ್ಕಳ ಬಳಿಗೆ ಹೋಗುವ ಹಿರಿಯರು ಮುಂದಿನ ಸಂಗತಿಗಳನ್ನು ಮನಸ್ಸಿನಲ್ಲಿಡುವುದು ಒಳಿತು.

ಒಂದು: ನಮ್ಮ ಬ್ಯಾಂಕುಗಳ ಕಾರ್ಡುಗಳು 2020ರ ನಿಯಮದ ಪ್ರಕಾರ ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತವೆ. ಹೊರಡುವ ಮುನ್ನ ಬ್ಯಾಂಕಿಗೆ ತಿಳಿಸಿ ಪರದೇಶದ ಬಳಕೆಗೆ ತೆರೆಸಿಕೊಳ್ಳಬೇಕು. ದಂಪತಿಗಳಿಬ್ಬರ ಹೆಸರಿನಲ್ಲಿಯೂ ಬೇರೆ ಬೇರೆ ಕಾರ್ಡುಗಳಿದ್ದು, ಬೇರೆ ಬೇರೆ ಕಡೆ ಇರಿಸಿಕೊಂಡರೆ ಒಂದು ಕಳೆದರೂ ಇನ್ನೊಂದು ಉಳಿಯುತ್ತದೆ.

ಎರಡು: ಗುಪ್ತಸಂಖ್ಯೆ ಬಾಯಿಪಾಠವಾಗಿರಲಿ, ಕಾರ್ಡಿನ ಹಿಂದೆ ಬರೆದಿಡುವುದು ಬೇಡ. ಭಾರತದ ಮೊಬೈಲ್ ಸಂಖ್ಯೆ ಅಲ್ಲಿಯೂ ನಡೆಯುವಂತೆ ನೋಡಿಕೊಳ್ಳಬೇಕು. ಬ್ಯಾಂಕಿನ ಸಂದೇಶಗಳು ಬರುವುದು ಅದಕ್ಕೇ.

ಮೂರು: ಅಂಗಡಿಯ ಯಂತ್ರ 'ರೂಪಾಯಿಯಲ್ಲೋ ಕ್ರೋನದಲ್ಲೋ' ಎಂದು ಕೇಳಿದರೆ ಕ್ರೋನವನ್ನೇ ಆರಿಸಬೇಕು. ರೂಪಾಯಿ ಎಂದರೆ ಪರಿವರ್ತನೆಯ ದರ ಸಾಮಾನ್ಯವಾಗಿ ನಷ್ಟದ್ದಾಗಿರುತ್ತದೆ.

ನಾಲ್ಕು: ಹಿಂದೊಮ್ಮೆ ಹೋದಾಗ ಉಳಿದ ಕ್ರೋನ ನೋಟುಗಳು ಪೆಟ್ಟಿಗೆಯಲ್ಲಿದ್ದರೆ ಅವು ಹೊಸವೋ ಹಳೆಯವೋ ನೋಡಿಕೊಳ್ಳಬೇಕು. 20 ಕ್ರೋನದ ಹೊಸ ನೋಟಿನ ಮೇಲೆ ಮಕ್ಕಳ ಕತೆಗಾರ್ತಿ ಆಸ್ಟ್ರಿಡ್ ಲಿಂಡ್‌ಗ್ರೆನ್, 100ರ ಮೇಲೆ ನಟಿ ಗ್ರೇಟಾ ಗಾರ್ಬೋ, 200ರ ಮೇಲೆ ಚಿತ್ರನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಅವರ ಚಿತ್ರಗಳಿವೆ. ಚಲಾವಣೆ ಕಳೆದುಕೊಂಡ ಹಳೆಯ ನೋಟುಗಳನ್ನು ಅಂಗಡಿಗಳು ತೆಗೆದುಕೊಳ್ಳುವುದಿಲ್ಲ. ಬಾಗಿಲ ಮೇಲೆ 'ಕೊಂಟಾಂಟ್‌ಫ್ರಿಟ್' ಎಂಬ ಬರಹವಿದ್ದರೆ ಅಲ್ಲಿ ಯಾವ ನೋಟೂ ನಡೆಯದು.

ಇನ್ನು ಅಲ್ಲಿರುವ ಮಕ್ಕಳಿಗೆ ಒಂದು ಮಾತು. ತಂದೆ-ತಾಯಿ ಬರುವ ಮುನ್ನ ಅವರಿಗಾಗಿ ಒಂದಿಷ್ಟು ಸಣ್ಣ ನೋಟುಗಳನ್ನು ತಂದಿಡಿರಿ. ಹತ್ತಿರದಲ್ಲಿ ನಗದು ಸ್ವೀಕರಿಸುವ ಅಂಗಡಿ ಯಾವುದೆಂದು ತೋರಿಸಿರಿ. ಕಾರ್ಡು ಹಿಡಿಯುವುದನ್ನು ಅವಸರಪಡಿಸದೆ ಎರಡು-ಮೂರು ಬಾರಿ ಅವರಿಂದಲೇ ಮಾಡಿಸಿರಿ. 'ನಿಮಗೆ ತಿಳಿಯದು, ಬಿಡಿ, ನಾನೇ ಕೊಡುವೆ' ಎನ್ನುವುದು ಪ್ರೀತಿಯ ಮಾತಾದರೂ ಹಿರಿಯರ ಕೈಯನ್ನು ಕಟ್ಟುವ ಮಾತು.

ನಮ್ಮ ಮನೆಗಳಿಗೂ ಇದು ಸಲ್ಲುತ್ತದೆ. ಮೊಬೈಲಿನಿಂದ ಹಣ ಸಲ್ಲಿಸುವ ವಿದ್ಯೆ ಸುಲಭವೂ ಉಪಯುಕ್ತವೂ ಆದುದು. ಕಲಿಯಬಲ್ಲ ಹಿರಿಯರೆಲ್ಲರೂ ಕಲಿಯಲಿ, ಕಲಿಸಬಲ್ಲ ಕಿರಿಯರೆಲ್ಲರೂ ಸಹನೆಯಿಂದ ಕಲಿಸಲಿ. ಆದರೆ ಕಲಿಯಲಾರದ ಅಜ್ಜನೊಬ್ಬರು ಔಷಧಿ ಅಂಗಡಿಯ ಮುಂದೆ ನೋಟು ಹಿಡಿದು ನಿಂತರೆ ಅವರನ್ನು ಮರಳಿ ಕಳುಹಿಸುವ ದಿನ ನಮ್ಮ ಊರುಗಳಿಗೆ ಬಾರದಿರಲಿ. ಅಂಗಡಿ ನಡೆಸುವ ಬಂಧುಗಳು ಸಂಕೇತಪಟದ ಪಕ್ಕದಲ್ಲಿ ಚಿಲ್ಲರೆಯ ಡಬ್ಬಿಯನ್ನೂ ಇರಿಸಿಕೊಳ್ಳಲಿ. ಗೃಹಿಣಿಯರು ಅಕ್ಕಿಯ ಡಬ್ಬಿಯ ತಳದಲ್ಲಿ ನಾಲ್ಕು ನೋಟುಗಳನ್ನು ಇಡುತ್ತಿದ್ದ ಹಳೆಯ ಪದ್ಧತಿಯನ್ನು ಮುಂದುವರಿಸಲಿ. ಮೊಬೈಲಿನಲ್ಲಿ ವಿದ್ಯುತ್ತು ಮುಗಿದ ರಾತ್ರಿಯಲ್ಲಿ ಮನೆಯವರನ್ನು ವೈದ್ಯರ ಬಾಗಿಲಿಗೆ ಮುಟ್ಟಿಸುವುದು ಆ ನಾಲ್ಕು ನೋಟುಗಳೇ.